ಬಿಳಿ ರಕ್ತಕಣದ ಹಿಡಿತ: ಅಂಟಲ್ಲ, ಮಾತುಕತೆ

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮನಿಗೆ ಉಬ್ಬಸ ಜಾಸ್ತಿಯಾಗಿ ಡಾಕ್ಟರು ನಾಲ್ಕು ದಿನ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ಉಸಿರಾಟ ಸರಿಹೋಯಿತು. ಆಮೇಲೆ ಬೇರೆ ಯಾವುದಕ್ಕೋ ರಕ್ತಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣದ ಕೌಂಟ್ 16,400 ಅಂತ ಬಂತು. ರಿಪೋರ್ಟಿನಲ್ಲಿ ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಪಕ್ಕದಲ್ಲಿ ಮೇಲ್ಮುಖ ಬಾಣ ಬೇರೆ. ಮನೆಯಲ್ಲಿ ಗಾಬರಿ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ 'ಇನ್‌ಫೆಕ್ಷನ್ ಇರಬಹುದು' ಅಂತ ಆ್ಯಂಟಿಬಯಾಟಿಕ್ ಡ್ರಿಪ್ ಹಾಕುವ ತನಕ ಮಾತು ಹೋಯಿತು. ಜ್ವರ ಇಲ್ಲ, ನೋವಿಲ್ಲ, ದೊಡ್ಡಮ್ಮ ಮಂಚದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದಾರೆ. ಕಡೆಗೆ ಉಬ್ಬಸ ನೋಡುತ್ತಿದ್ದ ಡಾಕ್ಟರಿಗೇ ಫೋನ್ ಮಾಡಿದಾಗ ಅವರು ನಕ್ಕು ಹೇಳಿದರು, 'ಸ್ಟೀರಾಯ್ಡ್ ತಗೊಂಡಿದ್ದಾರಲ್ಲ, ಗೋಡೆಗೆ ಅಂಟಿಕೊಂಡಿದ್ದವೆಲ್ಲ ಈಚೆ ಬಂದಿವೆ ಅಷ್ಟೇ. ಸುಮ್ನಿರಿ.'

ಗೋಡೆಗೆ ಅಂಟಿಕೊಂಡಿದ್ದವು! ಯಾವ ಗೋಡೆ? ಏನು ಅಂಟು? ನನ್ನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು.

ವಿಷಯ ಇಷ್ಟು. ನಮ್ಮ ರಕ್ತದಲ್ಲಿರುವ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಯಾವಾಗಲೂ ಹರಿಯುತ್ತಾ ಇರುವುದಿಲ್ಲ. ಸಣ್ಣ ರಕ್ತನಾಳಗಳ ಒಳಗೋಡೆಗೆ ಹತ್ತಿಕೊಂಡು, ಉರುಳಿಕೊಂಡು, ಶ್ವಾಸಕೋಶದಂಥ ಕಡೆ ತಂಗಿಕೊಂಡು ಇರುತ್ತವೆ. ಸೂಜಿ ಚುಚ್ಚಿ ತೆಗೆದ ರಕ್ತದಲ್ಲಿ ಅವು ಬರುವುದೇ ಇಲ್ಲ, ಹಾಗಾಗಿ ಎಣಿಕೆಗೂ ಸಿಗುವುದಿಲ್ಲ. ಸ್ಟೀರಾಯ್ಡ್ ತಗೊಂಡಾಗ ಆ ಹಿಡಿತ ಸಡಿಲವಾಗಿ ಅವು ಹರಿವಿಗೆ ಬೀಳುತ್ತವೆ. ಮೂಳೆಮಜ್ಜೆಯಿಂದ ಒಂದಿಷ್ಟು ಹೊಸದು ಬರುವುದೂ ಹಳೆಯವು ಬೇಗ ಸಾಯದೆ ಉಳಿಯುವುದೂ ಇದಕ್ಕೆ ಸೇರುತ್ತದೆ. ಜೋರಾಗಿ ಓಡಿ ಬಂದರೂ, ಹೆದರಿಕೊಂಡರೂ ಕೌಂಟ್ ಸ್ವಲ್ಪ ಹೊತ್ತು ಏರುತ್ತದೆ, ಅದಕ್ಕೂ ಇದೇ ಕಾರಣ.

ಇಲ್ಲಿ ಕೆಲಸ ಮಾಡುವ ಅಣುಗಳಿಗೆ ಜೀವಕೋಶ ಅಂಟಣುಗಳು ಅಂತ ಹೆಸರು. ಈ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ ಅಂತ ನನಗನ್ನಿಸುತ್ತದೆ. ಅಂಟು ಅಂದರೆ ನಮ್ಮ ಮನಸ್ಸಿಗೆ ಬರುವುದು ಗೋಂದು ಅಥವಾ ಫೆವಿಕಾಲ್. ಹಚ್ಚಿದರೆ ಹಿಡಿಯುತ್ತದೆ, ಒಣಗಿದರೆ ಮುಗಿಯಿತು. ಈ ಅಣುಗಳು ಹಾಗಲ್ಲ. ಕತ್ತಲ ಕೋಣೆಯಲ್ಲಿ ಗೋಡೆ ತಡವುತ್ತಾ ಹೋಗುವವನ ಕೈ ಇದ್ದ ಹಾಗೆ. ಹಿಡಿಯುವುದೂ ಅದೇ ಕೈ, ಏನು ಸಿಕ್ಕಿತು ಅಂತ ತಲೆಗೆ ಹೇಳುವುದೂ ಅದೇ ಕೈ. ಇದನ್ನು ಬರೀ ಅಂಟು ಅಂದುಕೊಂಡು ಔಷಧಿ ಮಾಡಲು ಹೋದವರು ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಸರಿಯಾಗಿ ಏಟು ತಿಂದಿದ್ದಾರೆ. ಆ ಕಥೆಗೆ ಬರುತ್ತೇನೆ. ಮೊದಲು ಈ ಕೈ ಹೇಗೆ ಕೆಲಸ ಮಾಡುತ್ತದೆ ನೋಡೋಣ.

1867ರಲ್ಲಿ ಜರ್ಮನಿಯ ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ಹೊಟ್ಟೆಯೊಳಗಿನ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗಂಟೆಗಟ್ಟಲೆ ನೋಡಿದ. ಊತ ಶುರುವಾದ ಜಾಗದಲ್ಲಿ ಬಿಳಿ ಕಣಗಳು ನಾಳದ ಅಂಚಿಗೆ ಸರಿದು, ಗೋಡೆ ಹಿಡಿದು, ಆಮೇಲೆ ಗೋಡೆಯೊಳಗೆ ನುಸುಳಿ ಆಚೆ ಹೋಗುವುದು ಕಂಡಿತು. ಕೀವಿನಲ್ಲಿರುವ ಕಣಗಳು ರಕ್ತದಿಂದಲೇ ಬಂದವು ಅಂತ ಗೊತ್ತಾಗಿದ್ದು ಹೀಗೆ. ಯಾವುದು ಹಿಡಿಯಿತು, ಹೇಗೆ ಹಿಡಿಯಿತು ಅನ್ನುವುದು ತಿಳಿಯಲು ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ರಕ್ತದ ಹರಿವಿನಲ್ಲಿ ಒಂದು ಕಣದ ಪಾಡು ಮಳೆಗಾಲದ ಹೊಳೆಯಲ್ಲಿ ಸಿಕ್ಕಿಬಿದ್ದವನ ಪಾಡು. ದಡದ ಬೇರು ಕೈಗೆ ಸಿಗಬೇಕು, ಸಿಕ್ಕ ಕ್ಷಣ ಹಿಡಿಯಬೇಕು. ಈ ಮೊದಲ ಹಿಡಿತ ಸೆಲೆಕ್ಟಿನ್ ಅನ್ನುವ ಅಣುಗಳದ್ದು. ಎಲ್ಲೋ ಗಾಯವಾಗಿದೆ ಅಂದರೆ ಅಲ್ಲಿನ ನಾಳದ ಗೋಡೆ ಪಿ-ಸೆಲೆಕ್ಟಿನ್, ಇ-ಸೆಲೆಕ್ಟಿನ್‌ಗಳನ್ನು ಹೊರಚಾಚುತ್ತದೆ. ಬಿಳಿ ಕಣದ ಮೈಮೇಲಿರುವ ಒಂದು ಬಗೆಯ ಸಕ್ಕರೆ ಸರಗಳು ಅವಕ್ಕೆ ತಗುಲಿಕೊಳ್ಳುತ್ತವೆ. ಹಿಡಿತ ಕ್ಷಣಮಾತ್ರದ್ದು. ಒಂದು ಬಿಟ್ಟುಹೋಗುವಷ್ಟರಲ್ಲಿ ಮುಂದಿನದು ತಗುಲಿಕೊಳ್ಳುತ್ತದೆ. ಹಾಗಾಗಿ ಕಣ ನಿಲ್ಲುವುದಿಲ್ಲ, ಉರುಳುತ್ತದೆ.

ಇಲ್ಲೊಂದು ಸೋಜಿಗ ಇದೆ. ಸಾಮಾನ್ಯವಾಗಿ ಎಳೆದರೆ ಹಿಡಿತ ಬಿಡುತ್ತದೆ, ಅಲ್ವಾ? ಸೆಲೆಕ್ಟಿನ್ ಹಿಡಿತ, ಒಂದು ಮಿತಿಯವರೆಗೆ, ಎಳೆದಷ್ಟೂ ಗಟ್ಟಿಯಾಗುತ್ತದೆ. 2003ರಲ್ಲಿ ಪಿ-ಸೆಲೆಕ್ಟಿನ್‌ನ ಒಂದೊಂದೇ ಅಣುವನ್ನು ಎಳೆದು ನೋಡಿ ಇದನ್ನು ತೋರಿಸಿದರು. ಬಾವಿಯಿಂದ ನೀರು ಸೇದಿದವರಿಗೆ ಇದು ಹೊಸದಲ್ಲ. ಕೊಡದ ಕೊರಳಿಗೆ ಹಾಕುವ ಕುಣಿಕೆ ಖಾಲಿ ಕೊಡಕ್ಕೆ ಸಡಿಲವಾಗಿರುತ್ತದೆ, ನೀರು ತುಂಬಿ ಭಾರ ಬಿದ್ದಾಗ ಬಿಗಿಯಾಗುತ್ತದೆ, ಮೇಲೆ ತಂದು ಕಟ್ಟೆಯ ಮೇಲಿಟ್ಟ ಕೂಡಲೇ ಮತ್ತೆ ಸಡಿಲ. ಪ್ರಯೋಗಶಾಲೆಯಲ್ಲಿ ಎಲ್-ಸೆಲೆಕ್ಟಿನ್ ಹಿಡಿದು ಉರುಳುತ್ತಿರುವ ಕಣಗಳಿಗೆ ಹರಿವು ನಿಲ್ಲಿಸಿದರೆ ಅವು ಬಿಟ್ಟುಹೋಗುತ್ತವೆ! ಹರಿವಿದ್ದರೆ ಮಾತ್ರ ಹಿಡಿತ. ನಿಂತ ರಕ್ತದಲ್ಲಿ ಬಿಳಿ ಕಣಗಳು ಸುಮ್ಮನೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗದೆ ಇರುವುದಕ್ಕೂ ಇದು ಒಂದು ಕಾರಣ ಇರಬೇಕು ಅಂತ ಅಂದಾಜು. ಬಲವೇ ಇಲ್ಲಿ ಒಂದು ಸುದ್ದಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉರುಳುವುದರಿಂದ ಆಗುವ ಲಾಭ ಅಂದರೆ ಗೋಡೆಯ ಮೇಲೆ ಬರೆದಿರುವುದನ್ನು ಓದಲು ಸಮಯ ಸಿಗುತ್ತದೆ. ಅಲ್ಲಿ ಕೀಮೋಕೈನ್ ಅನ್ನುವ ಸಣ್ಣ ಪ್ರೋಟೀನುಗಳು ಕೂತಿರುತ್ತವೆ, 'ಇಲ್ಲೇ ಇಳಿ' ಅಂತ ಹೇಳುವಂಥವು. ಅದು ಕಣಕ್ಕೆ ತಾಗಿದ ಮೇಲೆ ಕಥೆ ಇಂಟೆಗ್ರಿನ್‌ಗಳ ಕೈಗೆ ಹೋಗುತ್ತದೆ.

ಇಂಟೆಗ್ರಿನ್ ಅಂತ ಹೆಸರಿಟ್ಟಿದ್ದು 1986ರಲ್ಲಿ, ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಹೈನ್ಸ್ ತಂಡ. ಜೀವಕೋಶದ ಹೊರಗಿನ ಲೋಕವನ್ನೂ ಒಳಗಿನ ಎಲುಬುಗೂಡನ್ನೂ ಜೋಡಿಸುತ್ತದೆ ಅಂತ ಆ ಹೆಸರು. ಪ್ರತಿಯೊಂದೂ ಎರಡು ಸರಪಳಿಗಳ ಜೋಡಿ: ಒಂದು ಆಲ್ಫಾ, ಒಂದು ಬೀಟಾ. ನಮ್ಮ ಮೈಯಲ್ಲಿ 18 ಆಲ್ಫಾ, 8 ಬೀಟಾ ಇದ್ದು 24 ಜೋಡಿಗಳಾಗುತ್ತವೆ. ರೋಗನಿರೋಧಕ ಕಣಗಳಲ್ಲಿ ಮುಖ್ಯವಾದದ್ದು ಎಲ್‌ಎಫ್‌ಎ-1. ಅದು ಎದುರಿನ ಕೋಶದ ಮೇಲಿರುವ ಐಕ್ಯಾಮ್-1 ಅನ್ನು ಹಿಡಿಯುತ್ತದೆ. ಇವೆರಡನ್ನೂ 1980ರ ದಶಕದಲ್ಲಿ ಬಿಡಿಸಿ ತೋರಿಸಿದವರಲ್ಲಿ ಹಾರ್ವರ್ಡಿನ ತಿಮೋತಿ ಸ್ಪ್ರಿಂಗರ್ ದೊಡ್ಡ ಹೆಸರು. ಹೈನ್ಸ್, ಸ್ಪ್ರಿಂಗರ್, ಎರ್ಕಿ ರುವೋಸ್ಲಾಹ್ಟಿ ಮೂವರಿಗೂ ಸೇರಿ ಈ ಕೆಲಸಕ್ಕೆ 2022ರಲ್ಲಿ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಬಂತು.

ಸುಮ್ಮನೆ ಹರಿಯುತ್ತಿರುವ ಬಿಳಿ ಕಣದ ಮೇಲೆ ಎಲ್‌ಎಫ್‌ಎ-1 ಕುಕ್ಕರಗಾಲಲ್ಲಿ ಕೂತು ತಲೆ ಮೊಣಕಾಲಿಗೆ ಆನಿಸಿದವನ ಹಾಗೆ ಮಡಚಿಕೊಂಡಿರುತ್ತದೆ. ಹಿಡಿಯುವ ಅಂಗೈ ಕೆಳಮುಖ. ಕೀಮೋಕೈನ್ ತಾಗಿದ ಸುದ್ದಿ ಒಳಗೆ ಹೋಗಿ, ರ‍್ಯಾಪ್-1 ಅನ್ನುವ ಗುಂಡಿ ಒತ್ತಿ, ಟಾಲಿನ್ ಅನ್ನುವ ಪ್ರೋಟೀನು ಬಂದು ಇಂಟೆಗ್ರಿನ್‌ನ ಬಾಲವನ್ನು ಹಿಡಿಯುತ್ತದೆ. ಜೊತೆಗೆ ಕಿಂಡ್ಲಿನ್-3 ಬರುತ್ತದೆ. ಬಾಲಗಳೆರಡೂ ದೂರ ಸರಿದ ಕೂಡಲೇ ಹೊರಗಿನ ಭಾಗ ಎದ್ದು ನಿಲ್ಲುತ್ತದೆ, ಸುಮಾರು 20 ನ್ಯಾನೋಮೀಟರ್ ಎತ್ತರಕ್ಕೆ, ಮತ್ತು ಅಂಗೈ ತೆರೆದುಕೊಳ್ಳುತ್ತದೆ. ಪೂರ್ತಿ ತೆರೆದಾಗ ಐಕ್ಯಾಮ್ ಮೇಲಿನ ಹಿಡಿತ ಮಡಚಿದ್ದಾಗಿನದಕ್ಕಿಂತ ಹತ್ತು ಸಾವಿರ ಪಟ್ಟಿನ ಆಸುಪಾಸು ಗಟ್ಟಿ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಉರುಳುತ್ತಿದ್ದ ಕಣ ಗಪ್ಪನೆ ನಿಲ್ಲುತ್ತದೆ.

ಇದು ಒಳಗಿನಿಂದ ಹೊರಗೆ ಹೋಗುವ ಸಂದೇಶ. ಕೈಗೆ 'ತೆರೆ' ಅಂತ ತಲೆ ಹೇಳಿದ್ದು. ಕೈಯೇ ಇಲ್ಲದಿದ್ದರೆ ಅಥವಾ ಈ ಸಂದೇಶ ತುಂಡಾದರೆ ಏನಾಗುತ್ತದೆ ಅನ್ನುವುದನ್ನು ನೋಡಲು ಹೊಕ್ಕುಳಬಳ್ಳಿಯ ಹತ್ತಿರ ಬರಬೇಕು.

ಹಸುಗೂಸು ಇರುವ ಮನೆಯಲ್ಲಿ ಎರಡನೇ ವಾರಕ್ಕೆ ಅಜ್ಜಿಯಂದಿರು ಕೇಳುವ ಪ್ರಶ್ನೆ 'ಹೊಕ್ಕುಳು ಬಿತ್ತಾ?' ಒಣಗಿದ ಬಳ್ಳಿ ತಾನಾಗಿ ಉದುರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ತಾನಾಗಿ ಏನೂ ಅಲ್ಲ. ನ್ಯೂಟ್ರೋಫಿಲ್‌ಗಳು ಅಲ್ಲಿಗೆ ಹೋಗಿ ಆ ಜೋಡಣೆಯನ್ನು ಕರಗಿಸುತ್ತವೆ. 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಲವು ಮಕ್ಕಳ ಬಗ್ಗೆ ವರದಿ ಬಂತು: ಹೊಕ್ಕುಳು ವಾರಗಟ್ಟಲೆ ಬೀಳಲಿಲ್ಲ, ಮೇಲಿಂದ ಮೇಲೆ ಸೋಂಕು, ನ್ಯೂಟ್ರೋಫಿಲ್‌ಗಳ ಓಡಾಟ ಸರಿಯಿಲ್ಲ. ಆಮೇಲೆ ಗೊತ್ತಾಯಿತು, ಇಂಥ ಮಕ್ಕಳಲ್ಲಿ ಎಲ್‌ಎಫ್‌ಎ-1 ಜೋಡಿಯ ಒಂದು ಭಾಗವಾದ ಬೀಟಾ-2 ಸರಪಳಿ ಮಾಡುವ ಜೀನ್ ಕೆಟ್ಟಿರುತ್ತದೆ. ಕಾಯಿಲೆಯ ಹೆಸರು ಎಲ್‌ಎಡಿ-1. ಇವರ ರಕ್ತ ನೋಡಿದರೆ ಬಿಳಿ ಕಣ ಕಡಿಮೆ ಇರುವುದಿಲ್ಲ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಗಾಯದಲ್ಲಿ ಮಾತ್ರ ಒಂದು ಹನಿ ಕೀವಿಲ್ಲ. ಊರ ತುಂಬ ಪೊಲೀಸರು, ಜೀಪಿನಿಂದ ಇಳಿಯಲು ಬಾಗಿಲೇ ಇಲ್ಲ. ದೊಡ್ಡಮ್ಮನ ಕೌಂಟೂ ಈ ಮಗುವಿನ ಕೌಂಟೂ ಏರುವುದಕ್ಕೆ ಹಿಡಿತ ಇಲ್ಲದಿರುವುದು ಒಂದು ಕಾರಣವೇ. ಅಲ್ಲಿ ನಾಲ್ಕು ದಿನದ ಮಾತು, ಇಲ್ಲಿ ಜೀವದ ಮಾತು.

ಹತ್ತು ಲಕ್ಷಕ್ಕೊಂದು ಅನ್ನುವಷ್ಟು ಅಪರೂಪದ ಕಾಯಿಲೆ ಇದು. ಆದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬರುವಂಥದ್ದು, ಅಂದರೆ ರಕ್ತಸಂಬಂಧದ ಮದುವೆಗಳಲ್ಲಿ ಸಾಧ್ಯತೆ ಜಾಸ್ತಿ. ಕರ್ನಾಟಕದಲ್ಲಿ ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಒಳಗೊಳಗೇ ಆಗುವ ಮದುವೆ ಈಗಲೂ ಹೆಚ್ಚುಕಡಿಮೆ ನಾಲ್ಕಕ್ಕೊಂದು. ಹೊಕ್ಕುಳು ಬೀಳುವುದು ಮೂರು ವಾರ ದಾಟಿದ ಮಕ್ಕಳಲ್ಲಿ ಬಹುಪಾಲು ಏನೂ ತೊಂದರೆ ಇರುವುದಿಲ್ಲ, ಅದಕ್ಕೇ ಹೆದರಬೇಡಿ. ತಡವಾಗುವುದರ ಜೊತೆಗೆ ಹೊಕ್ಕುಳ ಸುತ್ತ ಸೋಂಕು, ಕೀವಿಲ್ಲದ ಗಾಯ, ವಿಪರೀತ ಏರಿದ ಕೌಂಟ್ ಇದ್ದರೆ ಡಾಕ್ಟರಿಗೆ 'ಸಿಡಿ18 ಫ್ಲೋ ಸೈಟೋಮೆಟ್ರಿ ನೋಡಬೇಕಾ?' ಅಂತ ಕೇಳಿ. ಬಿಳಿ ಕಣದ ಮೈಮೇಲೆ ಆ ಬೀಟಾ-2 ಇದೆಯಾ ಅಂತ ನೋಡುವ ರಕ್ತಪರೀಕ್ಷೆ ಅದು. ತೀವ್ರ ಬಗೆಯಲ್ಲಿ ಚಿಕಿತ್ಸೆ ಸಿಗದಿದ್ದರೆ ಎರಡು ವರ್ಷ ದಾಟುವುದೇ ಕಷ್ಟ. ಮೂಳೆಮಜ್ಜೆ ಕಸಿ ಇಷ್ಟು ದಿನ ಇದ್ದ ದಾರಿ. ಮಗುವಿನದೇ ಕಾಂಡಕೋಶ ತೆಗೆದು, ಸರಿಯಾದ ಜೀನ್ ಸೇರಿಸಿ ವಾಪಸ್ ಕೊಡುವ ಜೀನ್ ಚಿಕಿತ್ಸೆಯನ್ನು 9 ಮಕ್ಕಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಒಂಬತ್ತೂ ಮಕ್ಕಳು ಬದುಕಿದ್ದರು.

ಸಂಬಂಧಪಟ್ಟ ಇನ್ನೊಂದು ಕಾಯಿಲೆ ಎಲ್‌ಎಡಿ-3. ಇದರಲ್ಲಿ ಇಂಟೆಗ್ರಿನ್ ಸರಿಯಾಗೇ ಇರುತ್ತದೆ, ಮೈಮೇಲೆ ಬೇಕಾದಷ್ಟು ಇರುತ್ತದೆ. ಕೆಟ್ಟಿರುವುದು ಒಳಗಿನ ಕಿಂಡ್ಲಿನ್-3. ಕೈ ಇದೆ, ತೆರೆಯುವ ಅಪ್ಪಣೆ ತಲುಪುವುದಿಲ್ಲ. ಮಗುವಿಗೆ ಬರುವ ಸೋಂಕುಗಳು ಅವೇ, ಜೊತೆಗೆ ರಕ್ತಸ್ರಾವ ಬೇರೆ, ಯಾಕೆಂದರೆ ಪ್ಲೇಟ್‌ಲೆಟ್‌ಗಳೂ ಇದೇ ಅಪ್ಪಣೆಗೆ ಕಾಯುತ್ತಿರುತ್ತವೆ. ಬರೀ ಅಂಟಾಗಿದ್ದರೆ ಈ ಎರಡನೇ ಕಾಯಿಲೆ ಇರಲೇಬಾರದಿತ್ತು.

ಇನ್ನು ಹೊರಗಿನಿಂದ ಒಳಗೆ. ಕೈ ಏನನ್ನೋ ಹಿಡಿದ ಮೇಲೆ ಒಳಗೆ ಹೋಗುವ ಸುದ್ದಿ.

1980ರ ದಶಕದ ಕೊನೆಯಲ್ಲಿ ಕಾರ್ಲ್ ನೇಥನ್ ಮಾಡಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ನ್ಯೂಟ್ರೋಫಿಲ್‌ಗಳನ್ನು ದ್ರವದಲ್ಲಿ ತೇಲಲು ಬಿಟ್ಟು ಟಿಎನ್‌ಎಫ್ ಅನ್ನುವ ಉರಿಯೂತದ ಸಂದೇಶ ಕೊಟ್ಟರೆ ಅವು ಹೆಚ್ಚೇನೂ ಮಾಡುವುದಿಲ್ಲ. ಅದೇ ಕಣಗಳನ್ನು ಪ್ರೋಟೀನ್ ಬಳಿದ ತಟ್ಟೆಯ ಮೇಲೆ ಕೂರಲು ಬಿಟ್ಟು ಅಷ್ಟೇ ಟಿಎನ್‌ಎಫ್ ಕೊಟ್ಟರೆ ಗಂಟೆಗಟ್ಟಲೆ ಹೈಡ್ರೋಜನ್ ಪೆರಾಕ್ಸೈಡ್ ಉಗುಳುತ್ತವೆ. ಬೀಟಾ-2 ಇಂಟೆಗ್ರಿನ್ ಇಲ್ಲದ ಮಕ್ಕಳ ಕಣಗಳಿಗೆ ಇದು ಆಗಲಿಲ್ಲ. ಬ್ಯಾಂಕ್ ಲಾಕರಿಗೆ ಎರಡು ಬೀಗದ ಕೈ ಬೇಕಲ್ಲ, ಹಾಗೆ. ರಕ್ತದಲ್ಲಿ ತೇಲುತ್ತಿರುವಾಗಲೇ ಇವು ವಿಷ ಉಗುಳಿದರೆ ನಮ್ಮ ನಾಳಗಳೇ ಸುಟ್ಟುಹೋಗುತ್ತವೆ. ಅದಕ್ಕೆ ಕಣ ಮೊದಲು ತನ್ನನ್ನೇ ಕೇಳಿಕೊಳ್ಳುತ್ತದೆ: ನಾನೀಗ ನೆಲದ ಮೇಲೆ ನಿಂತಿದ್ದೇನಾ? ಆ ಪ್ರಶ್ನೆಗೆ ಉತ್ತರ ಕೊಡುವುದು ಇಂಟೆಗ್ರಿನ್.

ಇಂಟೆಗ್ರಿನ್‌ನ ಬಾಲ ತುಂಬ ಗಿಡ್ಡ. ಅದರಲ್ಲಿ ಕಿಣ್ವ ಇಲ್ಲ, ಅಂದರೆ ಸ್ವಂತ ಬಾಯಿಲ್ಲ. ಹಾಗಾಗಿ ಅಕ್ಕಪಕ್ಕದವರನ್ನು ಸೇರಿಸಿ ಅವರ ಕೈಲಿ ಹೇಳಿಸುತ್ತದೆ. ಹತ್ತಾರು ಇಂಟೆಗ್ರಿನ್‌ಗಳು ಒಂದೆಡೆ ಗುಂಪಾದಾಗ ಎಸ್‌ಆರ್‌ಸಿ ಗುಂಪಿನ ಕೈನೇಸ್ ಅನ್ನುವ ಕಿಣ್ವಗಳು ಚುರುಕಾಗಿ, ಎಸ್‌ವೈಕೆ ಅನ್ನುವ ಇನ್ನೊಂದನ್ನು ಎಬ್ಬಿಸುತ್ತವೆ. ಅಲ್ಲಿಂದ ಸುದ್ದಿ ಒಳಗಿನ ಎಲುಬುಗೂಡಾದ ಆ್ಯಕ್ಟಿನ್ ಎಳೆಗಳ ಜಾಲಕ್ಕೆ ಹೋಗಿ ಕಣದ ಆಕಾರವೇ ಬದಲಾಗುತ್ತದೆ. ದುಂಡಗಿದ್ದದ್ದು ಚಪ್ಪಟೆಯಾಗಿ, ಕಾಲು ಚಾಚಿ, ಗೋಡೆಯ ಸಂದು ಹುಡುಕುತ್ತಾ ತೆವಳುತ್ತದೆ. 2006ರಲ್ಲಿ ಗೊತ್ತಾದ ವಿಷಯ ಏನೆಂದರೆ, ಪ್ರತಿಕಾಯ ಹಿಡಿಯುವ ಗ್ರಾಹಕಗಳು ಬಳಸುವ ಅಲಾರಾಂ ತಂತಿಯನ್ನೇ ನ್ಯೂಟ್ರೋಫಿಲ್‌ನ ಇಂಟೆಗ್ರಿನ್‌ಗಳೂ ಬಳಸುತ್ತವೆ. ಮನೆಯಲ್ಲಿ ಒಂದೇ ಗಂಟೆ, ಬಾರಿಸುವವರು ಬೇರೆ ಬೇರೆ.

ಸುದ್ದಿ ಮುಟ್ಟದೇ ಇದ್ದಾಗ ಆಗುವ ಇನ್ನೊಂದು ಅನಾಹುತ ನೋಡಿ. ಎಲ್‌ಎಡಿ-1 ಇದ್ದೂ ಬದುಕುಳಿದವರ ವಸಡು ಚಿಕ್ಕ ವಯಸ್ಸಿಗೇ ಕೊಳೆತು ಹಲ್ಲು ಉದುರುತ್ತವೆ. ಕಾವಲು ಕಣ ಬರಲಿಲ್ಲ, ಬ್ಯಾಕ್ಟೀರಿಯಾ ತಿಂದುಹಾಕಿತು ಅಂತ ಎಲ್ಲರೂ ನಂಬಿದ್ದರು. ಆ್ಯಂಟಿಬಯಾಟಿಕ್ ಕೊಟ್ಟರೆ ಅಷ್ಟೇನೂ ಗುಣ ಕಾಣುತ್ತಿರಲಿಲ್ಲ. ಆಮೇಲೆ ಕಂಡದ್ದು ಇದು: ನ್ಯೂಟ್ರೋಫಿಲ್ ವಸಡಿಗೆ ಬಂದು, ಕೆಲಸ ಮುಗಿಸಿ, ಅಲ್ಲೇ ಸತ್ತು, ಅದನ್ನು ಇನ್ನೊಂದು ಕಣ ನುಂಗಿದಾಗ 'ಸಾಕು, ಇನ್ನು ಕಳಿಸಬೇಡಿ' ಅನ್ನುವ ಸುದ್ದಿ ಹೋಗುತ್ತದೆ. ಬರಲೇ ಇಲ್ಲ ಅಂದರೆ ಆ 'ಸಾಕು' ಹೋಗುವುದಿಲ್ಲ. ಐಎಲ್-23, ಐಎಲ್-17 ಅನ್ನುವ ಕೂಗು ನಿಲ್ಲದೆ ವಸಡನ್ನು ಒಳಗಿನ ಉರಿಯೇ ತಿನ್ನುತ್ತದೆ. ಸೋರಿಯಾಸಿಸ್‌ಗೆ ಕೊಡುವ, ಐಎಲ್-23 ತಡೆಯುವ ಉಸ್ಟೆಕಿನುಮ್ಯಾಬ್ ಅನ್ನು ಒಬ್ಬ ರೋಗಿಗೆ ಕೊಟ್ಟಾಗ ಗುಣ ಕಂಡಿತು, ಅದು 2017ರಲ್ಲಿ ವರದಿಯಾಯಿತು. ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅದನ್ನು ಇನ್ನೂ ತಗ್ಗಿಸುವ ಔಷಧಿ! ಅಂಟಿನ ಲೆಕ್ಕದಲ್ಲಿ ನೋಡಿದರೆ ಇದು ತಲೆಕೆಳಗು. ಸುದ್ದಿಯ ಲೆಕ್ಕದಲ್ಲಿ ಸರಿಯಾಗಿ ಕೂರುತ್ತದೆ.

ಬಿಳಿ ಕಣಗಳಲ್ಲೇ ಇನ್ನೊಂದು ಬಗೆಯಾದ ಟಿ ಕೋಶಗಳ ಕಥೆ ಇನ್ನೂ ನವಿರು. ಒಂದು ಟಿ ಕೋಶ ತನ್ನ ಶತ್ರುವಿನ ತುಣುಕನ್ನು ಹುಡುಕುತ್ತಾ ದುಗ್ಧಗ್ರಂಥಿಯಲ್ಲಿ ಒಂದಾದ ಮೇಲೊಂದು ಕೋಶವನ್ನು ತಡವುತ್ತಾ ಹೋಗುತ್ತದೆ. ಸರಿಯಾದದ್ದು ಸಿಕ್ಕಾಗ ಅದರ ಗ್ರಾಹಕ ಎಲ್‌ಎಫ್‌ಎ-1ಗೆ 'ಹಿಡಿ, ನಿಲ್ಲು' ಅನ್ನುತ್ತದೆ. ಎರಡು ಕೋಶಗಳ ನಡುವೆ ಒಂದು ಮುದ್ರೆ ಒತ್ತಿದಂಥ ಜಾಗ ಮೂಡುತ್ತದೆ. 1998ರಲ್ಲಿ ಏಬ್ರಹಾಂ ಕುಪ್ಫರ್ ತಂಡ ಇದರ ಚಿತ್ರ ತೋರಿಸಿದಾಗ ನೋಡಿದವರು ಬೆರಗಾದರು. ನಡುವೆ ಟಿ ಗ್ರಾಹಕಗಳ ಬೊಟ್ಟು, ಸುತ್ತ ಎಲ್‌ಎಫ್‌ಎ-1ರ ಬಳೆ. ಕೊಲ್ಲುವ ಟಿ ಕೋಶಗಳಲ್ಲಿ ಈ ಬಳೆ ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ಒಳಗೆ ಸುರಿಯುವ ವಿಷ ಪಕ್ಕದ ಒಳ್ಳೆಯ ಕೋಶದ ಮೇಲೆ ಸೋರದಂತೆ ತಡೆಯುತ್ತದೆ.

ಆದರೆ ಅದು ಬರೀ ಗ್ಯಾಸ್ಕೆಟ್ ಅಲ್ಲ. ಟಿ ಕೋಶದೊಳಗೆ ಆ್ಯಕ್ಟಿನ್ ಎಳೆಗಳು ಅಂಚಿನಿಂದ ನಡುವಿಗೆ ಸದಾ ಹರಿಯುತ್ತಿರುತ್ತವೆ, ಆ ಹರಿವು ಎಲ್‌ಎಫ್‌ಎ-1 ಅನ್ನು ಎಳೆಯುತ್ತದೆ. ಎದುರಿನ ಐಕ್ಯಾಮ್ ಸಡಿಲವಾಗಿ ತೇಲುತ್ತಿದ್ದರೆ ಅದೂ ಜೊತೆಗೆ ಬಂದುಬಿಡುತ್ತದೆ, ಬಿಗಿ ಹುಟ್ಟುವುದಿಲ್ಲ. ಐಕ್ಯಾಮ್ ತನ್ನ ಕೋಶಕ್ಕೆ ಗೂಟ ಹೊಡೆದಂತೆ ನಿಂತಿದ್ದರೆ ಮಾತ್ರ ಹಗ್ಗ ಬಿಗಿಯಾಗಿ ಎಲ್‌ಎಫ್‌ಎ-1 ಪೂರ್ತಿ ತೆರೆಯುತ್ತದೆ. ಸೋಜಿಗ ಏನೆಂದರೆ ಶತ್ರುವಿನ ತುಣುಕನ್ನು ಟಿ ಕೋಶಕ್ಕೆ ತೋರಿಸುವ ಡೆಂಡ್ರೈಟಿಕ್ ಕೋಶಗಳು ನಿಜವಾದ ಸೋಂಕು ಕಂಡು ಬಲಿತಾಗ ತಮ್ಮ ಐಕ್ಯಾಮ್‌ಗಳನ್ನು ಹಾಗೆ ಗೂಟಕ್ಕೆ ಕಟ್ಟಿಕೊಳ್ಳುತ್ತವೆ. ಎಳೆದು ನೋಡಿದ ಟಿ ಕೋಶಕ್ಕೆ ಗೊತ್ತಾಗುತ್ತದೆ, ಎದುರಿಗಿರುವವನು ತಮಾಷೆಗೆ ಕರೆದದ್ದಲ್ಲ ಅಂತ. ಕುಣಿಕೆಯ ಮಾತು ಇಲ್ಲಿ ಮತ್ತೆ ಬಂತು ನೋಡಿ.

ಈಗ ಔಷಧಿಗಳ ಕಥೆ.

1992ರಲ್ಲಿ ಇಲಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಆಲ್ಫಾ-4 ಇಂಟೆಗ್ರಿನ್‌ಗೆ ಅಡ್ಡಿ ಮಾಡುವ ಪ್ರತಿಕಾಯ ಕೊಟ್ಟರೆ ಬಿಳಿ ಕಣಗಳು ಮಿದುಳಿನೊಳಗೆ ಹೋಗುವುದಿಲ್ಲ, ಅವೇ ಮಿದುಳಿನ ನರಗಳನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆ ತಡೆಯುತ್ತದೆ. ಅದರಿಂದ ಬಂದದ್ದು ನಟಾಲಿಜುಮ್ಯಾಬ್. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2005ರ ಫೆಬ್ರವರಿಯಲ್ಲಿ ವಾಪಸ್ ತಗೊಂಡರು. ಮೂರೇ ತಿಂಗಳು. ಕೆಲವು ರೋಗಿಗಳಿಗೆ ಪಿಎಂಎಲ್ ಅನ್ನುವ ಮಿದುಳಿನ ಸೋಂಕು ಬಂದಿತ್ತು. ಅದಕ್ಕೆ ಕಾರಣವಾದ ಜೆಸಿ ವೈರಸ್ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ, ಏನೂ ಮಾಡುವುದಿಲ್ಲ. ಯಾಕೆ ಮಾಡುವುದಿಲ್ಲ? ಟಿ ಕೋಶಗಳು ಮಿದುಳಿಗೆ ಆಗಾಗ ಹೋಗಿ ಬೀಟ್ ಹೊಡೆದು ಬರುತ್ತವೆ. ಬಾಗಿಲು ಮುಚ್ಚಿದಾಗ ಕಳ್ಳನ ಜೊತೆ ಕಾವಲುಗಾರನೂ ಹೊರಗೇ ಉಳಿದ. ಆದರೆ ಔಷಧಿಯಿಂದ ಆಗುವ ಉಪಕಾರ ದೊಡ್ಡದು, ರೋಗಿಗಳೇ ಬೇಕು ಅಂದರು. 2006ರ ಜೂನಿನಲ್ಲಿ ಬಿಗಿ ನಿಗಾ ಇಟ್ಟು ಮತ್ತೆ ತಂದರು. ಈಗ ಜೆಸಿ ವೈರಸ್ ಪರೀಕ್ಷೆ ಮಾಡಿ, ಎಷ್ಟು ವರ್ಷ ಕೊಡಬಹುದು ಅಂತ ಲೆಕ್ಕ ಹಾಕಿ ಕೊಡುತ್ತಾರೆ.

ಎಫಾಲಿಜುಮ್ಯಾಬ್‌ಗೆ ಆ ಅದೃಷ್ಟ ಇರಲಿಲ್ಲ. ಅದು ಎಲ್‌ಎಫ್‌ಎ-1 ಅನ್ನೇ ತಡೆಯುತ್ತಿತ್ತು, ಸೋರಿಯಾಸಿಸ್‌ಗೆ 2003ರಲ್ಲಿ ಬಂತು, ಪಿಎಂಎಲ್ ಕಾಣಿಸಿಕೊಂಡು 2009ರಲ್ಲಿ ಮಾರುಕಟ್ಟೆಯಿಂದಲೇ ಹೋಯಿತು. ಆ ಪ್ರತಿಕಾಯ ಹಿಡಿದ ಎಲ್‌ಎಫ್‌ಎ-1 ಕೋಶದ ಮೈಮೇಲಿಂದ ಒಳಗೆ ಸರಿದುಹೋಗುತ್ತಿತ್ತು, ಟಿ ಕೋಶಗಳೇ ಮಂಕಾಗುತ್ತಿದ್ದವು. ಬರೀ ಹಿಡಿತ ಬಿಡಿಸುತ್ತೇವೆ ಅಂದುಕೊಂಡಿದ್ದರು, ಮಾತನ್ನೂ ನಿಲ್ಲಿಸಿದ್ದರು.

ಇವೆರಡಕ್ಕಿಂತ ಕಿವಿ ಹಿಂಡುವ ಪಾಠ ಪ್ಲೇಟ್‌ಲೆಟ್‌ನಿಂದ ಬಂತು. ಅದು ಖಾಸಾ ರೋಗನಿರೋಧಕ ಕಣ ಅಲ್ಲ, ಇಂಟೆಗ್ರಿನ್ ಮನೆತನ ಮಾತ್ರ ಒಂದೇ. ಹೃದಯಾಘಾತ ತಡೆಯಲು ಪ್ಲೇಟ್‌ಲೆಟ್ ಇಂಟೆಗ್ರಿನ್‌ಗೆ ಅಡ್ಡ ಕೂರುವ ಮಾತ್ರೆಗಳನ್ನು 2000ದ ಆಸುಪಾಸಿನಲ್ಲಿ 33,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. ಸಾವು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಮಾತ್ರೆಯ ಅಣು ಅಂಗೈಯಲ್ಲಿ ಕೂತಾಗ ಅಂಗೈ ತೆರೆದುಕೊಳ್ಳುತ್ತಿತ್ತು! ಮಾತ್ರೆಯ ಪ್ರಭಾವ ಇಳಿಯುತ್ತಾ ಬಂದ ಹಾಗೆ ಅಲ್ಲಲ್ಲಿ ತೆರೆದ ಕೈಗಳು ಖಾಲಿ ಉಳಿದು ಹೆಪ್ಪುಗಟ್ಟಿಸಲು ಸಿದ್ಧ. ಬೀಗದೊಳಗೆ ಕಡ್ಡಿ ತುರುಕಿ ಕೆಡಿಸಲು ಹೋದರೆ ಬೀಗವೇ ತೆರೆದುಕೊಂಡಂತೆ. 2022ರಲ್ಲಿ ಸ್ಪ್ರಿಂಗರ್ ತಂಡ ಇದಕ್ಕೊಂದು ಚೊಕ್ಕ ಉಪಾಯ ತೋರಿಸಿತು. ಮಡಚಿದ ಇಂಟೆಗ್ರಿನ್‌ನ ಅಂಗೈಯಲ್ಲಿ ಲೋಹದ ಅಯಾನಿನ ಪಕ್ಕ ಒಂದು ನೀರಿನ ಅಣು ಇರುತ್ತದೆ, ತೆರೆಯಬೇಕಾದರೆ ಅದು ಜಾಗ ಬಿಡಬೇಕು. ಆ ನೀರನ್ನು ಅಲ್ಲೇ ಹಿಡಿದಿಡುವಂತೆ ಔಷಧಿ ಮಾಡಿದರೆ ಕೈ ಮಡಚಿಯೇ ಇರುತ್ತದೆ. ಒಂದು ನೀರಿನ ಅಣು!

ಇದರ ಹಿಂದೆ ದುಡ್ಡೂ ಓಡುತ್ತಿದೆ. ಕರುಳಿಗೆ ಹೋಗುವ ಕಣಗಳ ಆಲ್ಫಾ-4 ಬೀಟಾ-7 ಅನ್ನುವ ವಿಳಾಸವನ್ನು ಮಾತ್ರ ತಡೆಯುವ ವೆಡೊಲಿಜುಮ್ಯಾಬ್ 2014ರಲ್ಲಿ ಬಂತು. ಮಿದುಳಿನ ಬಾಗಿಲು ಮುಟ್ಟದ್ದರಿಂದ ಪಿಎಂಎಲ್ ಕಾಟ ಅಲ್ಲಿ ಹಾಗೆ ಕಾಡಲಿಲ್ಲ. ಅದು ಸೂಜಿಮದ್ದು. ಅದೇ ವಿಳಾಸವನ್ನು ತಡೆಯುವ, ನುಂಗುವ ಮಾತ್ರೆ ಮಾಡಲು ಹೊರಟ, ಸ್ಪ್ರಿಂಗರ್ ಹುಟ್ಟುಹಾಕಿದ ಮಾರ್ಫಿಕ್ ಕಂಪನಿಯನ್ನು ಎಲಿ ಲಿಲ್ಲಿ 2024ರಲ್ಲಿ ಸುಮಾರು 320 ಕೋಟಿ ಡಾಲರಿಗೆ ಕೊಂಡಿತು. ನನ್ನ ಮಟ್ಟಿಗೆ ಇಲ್ಲಿ ಗೆದ್ದದ್ದು ಯಾವ ಬಾಗಿಲಿನ ಯಾವ ಕೈ ಅಂತ ಕೇಳಿದವರು.

ಕೊನೆಯದಾಗಿ ಇದು ನಮ್ಮೂರಿಗೇ ಬಂದು ನಿಂತಿರುವ ಜಾಗ: ಕಾರ್-ಟಿ ಚಿಕಿತ್ಸೆ. ರೋಗಿಯ ಟಿ ಕೋಶ ತೆಗೆದು, ಕ್ಯಾನ್ಸರ್ ಗುರುತಿಸುವ ಗ್ರಾಹಕ ಜೋಡಿಸಿ ವಾಪಸ್ ಕೊಡುವುದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಿಂದ ಬಂದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಕಾರ್ಟೆಮಿ ತಂದಿತು. ಎರಡೂ ರಕ್ತದ ಬಿ ಕೋಶಗಳ ಕ್ಯಾನ್ಸರಿಗೆ. ಸ್ತನ, ಶ್ವಾಸಕೋಶ, ಮಿದುಳಿನ ಗಟ್ಟಿ ಗಡ್ಡೆಗಳ ಮೇಲೆ ಕಾರ್-ಟಿ ಇನ್ನೂ ತಡವರಿಸುತ್ತಿದೆ. ಕಾರಣ ಹಲವು ಇವೆ, ಆದರೆ ಒಂದು ನಮ್ಮ ಈ ಹಿಡಿತದ್ದೇ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಗ್ಲಿಯೋಬ್ಲಾಸ್ಟೋಮಾ ಅನ್ನುವ ಮಿದುಳಿನ ಕ್ಯಾನ್ಸರಿನಂಥ ಗಟ್ಟಿ ಗಡ್ಡೆಯ ಕೋಶಗಳಿಗೆ, ಟಿ ಕೋಶ ಕಳಿಸುವ ಇಂಟರ್‌ಫೆರಾನ್ ಗಾಮಾ ಸಂದೇಶ ಕೇಳಿಸದಂತೆ ಮಾಡಿದಾಗ ಕಾರ್-ಟಿಗೆ ಅವನ್ನು ಕೊಲ್ಲುವುದು ಕಷ್ಟವಾಯಿತು. ಆ ಸಂದೇಶ ಕೇಳಿದ ಗಡ್ಡೆ ಐಕ್ಯಾಮ್-1 ಅನ್ನು ಮೈಮೇಲೆ ಹೆಚ್ಚಿಸಿಕೊಳ್ಳುತ್ತದೆ, ಟಿ ಕೋಶಕ್ಕೆ ಹಿಡಿಯಲು ಕಂಬಿ ಸಿಗುತ್ತದೆ. ಕೇಳದಿದ್ದರೆ ಕಂಬಿ ಇಲ್ಲ, ಟಿ ಕೋಶ ಗುರುತಿಸಿಯೂ ಜಾರುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಈ ಕಂಬಿಯ ಹಂಗು ಅಷ್ಟಿರಲಿಲ್ಲ.

ಹಾಗಾದರೆ ಕೈಯನ್ನೇ ಹೊಸದಾಗಿ ಮಾಡಿದರೆ? ಕ್ಯಾಲಿಫೋರ್ನಿಯಾದ ವೆಂಡೆಲ್ ಲಿಮ್ ಪ್ರಯೋಗಶಾಲೆ ಇಂಟೆಗ್ರಿನ್, ಐಕ್ಯಾಮ್‌ಗಳ ಒಳಬಾಲ ಉಳಿಸಿಕೊಂಡು ಹೊರಗಿನ ಅಂಗೈ ಬದಲಿಸಿ, ಬೇಕಾದ ಕೋಶವನ್ನೇ ಹಿಡಿಯುವ ಕೃತಕ ಅಂಟಣುಗಳನ್ನು ಮಾಡಿ ತೋರಿಸಿದೆ. ಯಾವ ಬಾಲ ಜೋಡಿಸಿದರು ಅನ್ನುವುದರ ಮೇಲೆ ಎರಡು ಕೋಶಗಳು ಬರೀ ತಗುಲಿಕೊಂಡಿರುತ್ತವೋ, ಹರಡಿಕೊಂಡು ಗಟ್ಟಿಯಾಗಿ ತಬ್ಬುತ್ತವೋ ಅನ್ನುವುದು ಬದಲಾಯಿತು. ಅಂಗೈ ಒಂದೇ, ಒಳಗಿನ ಮಾತು ಬೇರೆ. ಇದಿನ್ನೂ ಪ್ರಯೋಗಶಾಲೆಯ ಮಾತು, ಆಸ್ಪತ್ರೆಯದ್ದಲ್ಲ. ಸದ್ಯಕ್ಕೆ ಗಡ್ಡೆಯ ಬಯಾಪ್ಸಿ ಮಾಡಿದಾಗ ಕಾರ್-ಟಿ ಗುರಿ ಹಿಡಿಯುವ ಅಣು ಎಷ್ಟಿದೆ ಅಂತ ನೋಡುತ್ತಾರೆ. ಐಕ್ಯಾಮ್ ಎಷ್ಟಿದೆ ಅಂತಲೂ ಅದೇ ತುಣುಕಿನಲ್ಲಿ ನೋಡಬಹುದು, ಅದಕ್ಕೆ ಹೊಸ ಯಂತ್ರ ಏನೂ ಬೇಕಿಲ್ಲ.